ಗ್ರಿಪ್ ಒಣಗುವ ತನಕ

"ಗಾಡಿ ಮಾರ್ತಾವ್ನೆ ಕಣಮ್ಮ ನಿನ್ ಭೀಮು," ಎಂದು ಮನೆ ಓನರ್ ವೆಂಕಟಮ್ಮ ಹೇಳಿದಾಗ ಪ್ರಿಯದರ್ಶಿನಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. "ಶಿವಾಜಿನಗರದಿಂದ ಹ್ಯಾಂಡಲಿಗೆ ಹೊಸಾ ಗ್ರಿಪ್ ತಂದವ್ನೆ. ಸೋಮವಾರ ನಾಗಪುರಕ್ಕೆ ಹೊಂಟವ್ನಂತಲ್ಲ, ನಿಂಗೊತ್ತಿಲ್ವಾ?"

ಬೇರೆ ದಿನವಾಗಿದ್ದರೆ 'ನಿನ್ ಭೀಮು' ಎಂಬ ಮಾತಿಗೆ ಅವಳ ಮುಖ ಕೆಂಪೇರುತ್ತಿತ್ತು. ಇವತ್ತು ನಾಗಪುರವೊಂದೇ ಕಿವಿಯಲ್ಲಿ ಉಳಿಯಿತು.

ಹಲಸೂರಿನ ಆ ವಠಾರದಲ್ಲಿ ಇಬ್ಬರದೂ ಎದುರುಬದುರು ಕೋಣೆ. ಅವಳು ಕಲಬುರಗಿಯವಳು, ಬೆನ್ಸನ್ ಟೌನಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವನು ಆಳಂದದವನು, ಇಂದಿರಾನಗರದ ಹೊಸ ಅಪಾರ್ಟ್‌ಮೆಂಟುಗಳಿಗೆ ಲಿಫ್ಟ್ ಕೂರಿಸುವ ಮೆಕ್ಯಾನಿಕ್. ಕಾಕ್ಸ್ ಟೌನಿನ ಖಾಲಿ ಬೀದಿಗಳಲ್ಲಿ ಭಾನುವಾರ ಬೆಳಿಗ್ಗೆ ಅವಳಿಗೆ ಬೈಕ್ ಕಲಿಸುತ್ತಿದ್ದವನೂ ಅವನೇ. ಗಾಡಿ ವಾಲಿದಾಗ ಅವನ ಕೈ ಅವಳ ಕೈ ಮೇಲೆ ಬರುತ್ತಿತ್ತು, ಗಾಡಿ ನೆಟ್ಟಗಾದ ಮೇಲೂ ಒಂದು ಗಳಿಗೆ ಅಲ್ಲೇ ಇರುತ್ತಿತ್ತು. ಇಬ್ಬರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ.

ಅವಳು ಬ್ಯಾಗನ್ನೂ ಇಳಿಸದೆ ಹಿತ್ತಲಿಗೆ ನಡೆದಳು.

ಭೀಮು ಕುಕ್ಕರಗಾಲಲ್ಲಿ ಕೂತು ಹಳೆಯ ಗ್ರಿಪ್ಪನ್ನು ಬ್ಲೇಡಿನಿಂದ ಸೀಳುತ್ತಿದ್ದ. ದಪ್ಪ ರಬ್ಬರು ಹಾವಿನ ಪೊರೆಯ ಹಾಗೆ ಕಳಚಿ ಬಿತ್ತು. ಅವಳ ನೆರಳು ಬಿದ್ದದ್ದೇ ಅವನ ಕೈ ನಿಂತಿತು.

"ಎಷ್ಟಕ್ಕ ಮಾರಿದಿ?"

"ಏನ?"

"ಗಾಡಿ. ಇಲ್ಲಾ, ನಾಗಪುರಕ್ಕ ಒಯ್ತೀಯೇನು?"

ಅವನು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಹ್ಯಾಂಡಲಿನ ಕೊಳವೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಹೊಸ ಗ್ರಿಪ್ಪಿನೊಳಗೆ ಗಮ್ ಸವರಿ, ತಿರುವುತ್ತ ಒಳಗೆ ತಳ್ಳಿದ. ಅರ್ಧಕ್ಕೇ ಸಿಕ್ಕಿಕೊಂಡಿತು.

"ಹಿಡಿ," ಎಂದ. "ಲಗೂ ಹಿಡಿ, ಗಮ್ ಬಿಗೀತದ."

ಸಿಟ್ಟಿನಲ್ಲೇ ಹಿಡಿದಳು. ಅವಳು ತಿರುವಿದಳು, ಅವನು ದೂಡಿದ. ಗ್ರಿಪ್ ತುದಿಯವರೆಗೆ ಸರ್ರನೆ ಸರಿದುಹೋಯಿತು, ಇಬ್ಬರ ಬೆರಳೂ ಗಮ್ಮಿನಲ್ಲಿ ಅಂಟಿಕೊಂಡವು. ಅವಳು ಎಳೆದುಕೊಳ್ಳಲಿಲ್ಲ. ಆಗ ಅವಳ ಗಮನಕ್ಕೆ ಬಂತು: ಈ ಗ್ರಿಪ್ ಸಣ್ಣದು. ಅವಳ ಮುಷ್ಟಿಯೊಳಗೆ ಪೂರ್ತಿ ಹಿಡಿಯುತ್ತಿತ್ತು. ಕ್ಲಚ್ ಲಿವರಿಗೆ ಬೆರಳು ಚಾಚಿದಳು. ಎಂದೂ ಎಟುಕದ ಲಿವರ್ ಇವತ್ತು ಎಟುಕಿತು.

"ಇದು ನಿನ್ನ ಕೈಗೆ ಸಣ್ಣಾಗ್ತದ," ಎಂದಳು.

"ನನ್ನ ಕೈಗೆ ತಂದಿಲ್ಲ." ಅವನ ಕಣ್ಣು ಇನ್ನೂ ಹ್ಯಾಂಡಲಿನ ಮೇಲೇ ಇತ್ತು. "ದಪ್ಪ ಗ್ರಿಪ್ಪಿನಿಂದ ನಿಂಗ ಕ್ಲಚ್ ಸಿಗ್ತಿದ್ದಿಲ್ಲ. ಗಾಡಿ ನಿಂಗ ಬಿಟ್ಟು ಹೋಗಬೇಕಂತ ಮಾಡೀನಿ. ಬಸ್ಸಿನಾಗ ನಿಂತು ಎಷ್ಟಂತ ಹೋಗ್ತಿ?"

ತನ್ನ ಕೈಗೆಂದೇ ತಂದ ಗ್ರಿಪ್ಪನ್ನು ಅವಳು ಒಮ್ಮೆ ಸವರಿದಳು. ಅದರ ಬೆನ್ನಿಗೇ ಸಿಟ್ಟು ಇಮ್ಮಡಿಯಾಯಿತು.

"ಗಾಡಿ ಕೊಟ್ಟರ ಮುಗೀತೇನು? ನನ್ನ ಕೇಳಬೇಕು ಅನಿಸಲಿಲ್ಲ?"

"ಏನ್ ಕೇಳ್ಲಿ? ನಾಳೆ ನಿನ್ನ ನೋಡಲಿಕ್ಕ ನಿಮ್ಮಪ್ಪನ ಜೋಡಿ ಗಂಡಿನವ್ರು ಬರ್ತಾರಂತ ಮೊನ್ನೆ ವೆಂಕಟಮ್ಮ ಹೇಳಿದ್ರು. ಅವತ್ತೇ ಕಂಪನಿಯವರಿಗೆ ನಾಗಪುರದ ಕೆಲಸಕ್ಕ ಹೂಂ ಅಂದುಬಿಟ್ಟೆ. ಇಲ್ಲೇ ಇದ್ದು, ಎದುರು ಬಾಗಿಲಿಂದ ನಿನ್ನ ಮದುವಿ ನೋಡ್ಲೇನು?"

"ಅವರು ಬರ್ತಾರಂದ್ರ ನಾ ಒಪ್ಪೀನಿ ಅಂತ ಯಾರಂದ್ರು?"

ಭೀಮು ಮೊದಲ ಸಲ ತಲೆ ಎತ್ತಿದ. ಅವನ ಹುಬ್ಬಿನ ಮೇಲೆ ಗ್ರೀಸು ಮೆತ್ತಿತ್ತು. ನೋಟ ಅವಳ ಕಣ್ಣಿಗೆ ಬಂತು, ಓಡಿಹೋಯಿತು, ಮತ್ತೆ ಬಂತು.

"ಪ್ರಿಯಾ, ನಂಗ ಚಂದ ಮಾತಾಡಲಿಕ್ಕ ಬರಂಗಿಲ್ಲ."

"ಗೊತ್ತದ. ಹೆಂಗ ಬರ್ತದ ಹಂಗ ಹೇಳು."

"ನೀನಂದ್ರ ನಂಗ ಜೀವ. ನನ್ನ ಮದುವಿ ಆಗ್ತೀಯೇನು?"

ಅವಳು ಸೀಟಿನ ಮೇಲಿದ್ದ ಕೀ ಎತ್ತಿಕೊಂಡಳು.

"ಎಲ್ಲಿಗೆ? ಗಮ್ ಇನ್ನೂ ಒಣಗಿಲ್ಲ. ಈಗ ಓಡಿಸಿದ್ರ ಗ್ರಿಪ್ ಕೈಯಾಗ ತಿರಗ್ತದ. ಅರ್ಧ ತಾಸಾದ್ರೂ ತಡಿ."

ಜೀವಮಾನದಲ್ಲಿ ಅಷ್ಟು ಉದ್ದದ ಅರ್ಧ ತಾಸನ್ನು ಅವಳು ಕಂಡಿರಲಿಲ್ಲ. ಕೂತಳು, ಎದ್ದಳು, ಬಾವಿಕಟ್ಟೆಯ ತನಕ ಹೋಗಿ ಬಂದಳು. ಗ್ರಿಪ್ಪನ್ನು ಊದಿದಳು.

"ಊದಿದ್ರ ಆರ್ಲಿಕ್ಕ ಅದೇನು ಚಹಾನಾ?" ಎಂದ ಭೀಮು.

"ನೀ ಸುಮ್ಮನಿರು. ನಿಂಗ ಉತ್ತರ ಬೇಕೋ ಬ್ಯಾಡೋ?"

ಅವನ ನಗೆ ಹಾಗೇ ನಿಂತಿತು. ಎದ್ದು ಬಂದು ಅವನೂ ಊದತೊಡಗಿದ. ಕಿಟಕಿಯಿಂದ ವೆಂಕಟಮ್ಮ ಈ ಇಬ್ಬರನ್ನು ನೋಡಿ ಏನೂ ಅರ್ಥವಾಗದೆ ಪರದೆ ಎಳೆದುಕೊಂಡರು.

ಕಡೆಗೆ ಅವನು ಗ್ರಿಪ್ ಹಿಂಡಿ, ತಿರುವಿ ನೋಡಿ ಹೂಂ ಎಂದ. ಅವಳು ಮುಂದೆ ಕೂತಳು, ಅವನು ಹಿಂದೆ. ಹಲಸೂರು ಬಜಾರಿನ ಆಟೋಗಳ ನಡುವೆ ಅವಳು ಗಾಡಿ ಓಡಿಸಿದ್ದು ಅದೇ ಮೊದಲು. ಎರಡು ಸಲ ಇಂಜಿನ್ ನಿಂತಿತು. ಹಿಂದಿನಿಂದ ಯಾರೋ ತಮಿಳಿನಲ್ಲಿ ಬೈದರು. ಅವಳು ಎಸ್‌ಟಿಡಿ ಬೂತಿನ ಮುಂದೆ ಬಂದೇ ಬ್ರೇಕ್ ಹಾಕಿದಳು. ಕಲಬುರಗಿಯಿಂದ ರಾತ್ರಿಯ ಬಸ್ಸಿಗೆ ಅಪ್ಪ ಹೊರಡಲು ಇನ್ನೂ ಹೊತ್ತಿತ್ತು. ಒಬ್ಬಳೇ ಒಳಗೆ ಹೋಗಿ ಮನೆಗೆ ಫೋನ್ ಹಚ್ಚಿದಳು.

"ಅಪ್ಪಾ, ನೀವು ಬರ್ರಿ. ಆದ್ರ ಆ ಗಂಡಿನವ್ರನ್ನ ಕರ್ಕೊಂಡು ಬರಬ್ಯಾಡ್ರಿ." ಉಸಿರು ಎಳೆದುಕೊಂಡಳು. "ಹುಡುಗ ಇಲ್ಲೇ ಅದಾನ. ನಾನೇ ಆರಿಸೀನಿ."

ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಗಾಜಿನ ಆಚೆ ಭೀಮು ಉಗುರು ಕಚ್ಚುತ್ತ ನಿಂತಿದ್ದ. ತನಗೆ ಕೊಡಬೇಕಾದ ಉತ್ತರವನ್ನು ಇವಳು ಕಲಬುರಗಿಗೆ ಹೇಳುತ್ತಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಮಗ್ಗಲ್ದಾಗ ಅದಾನೇನು?" ಅಪ್ಪನ ದನಿ ಒರಟಾಗಿತ್ತು. "ಕೊಡು ಅವಗ."

ಅವಳು ಬಾಗಿಲು ತೆರೆದು ರಿಸೀವರ್ ಚಾಚಿದಳು. "ನಮ್ಮಪ್ಪ. ಮಾತಾಡು."

ಭೀಮು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಬಂದ. ಒಬ್ಬರಿಗೇ ಇಕ್ಕಟ್ಟಾಗುವ ಆ ಬೂತಿನಲ್ಲಿ ಅವಳು ಹೊರಗೆ ಹೋಗಲಿಲ್ಲ.

"ನಮಸ್ಕಾರ್ರೀ," ಎಂದ ಅವನು. ಅವನ ದನಿಯ ನಡುಕ ಅವಳ ಭುಜಕ್ಕೂ ತಾಕಿತು.