ಪಾರಣೆಯ ಹೊತ್ತು

“ಅಪ್ಪಾ, ಗಂಟಿ ಆಮ್ಯಾಲೆ ಬಾರಿಸ್ರಿ. ಅಮ್ಮ ಹೊಂಟು ನಿಂತಾಳ. ಹೊರಗ ಬಂದು ಒಂದು ಮಾತು ಆಡ್ತೀರೋ, ಇಲ್ಲೋ?”

ದೇವರ ಮನೆಯ ಹೊಸ್ತಿಲ ಈಚೆ ನಿಂತು ವಸುಧಾ ಕೇಳಿದಳು. ಒಳಗೆ ನರಸಿಂಹರಾಯರ ಬೆನ್ನು ಮಾತ್ರ ಕಾಣುತ್ತಿತ್ತು. ಒದ್ದೆ ಪಂಚೆ, ಬೆನ್ನ ಮೇಲೆ ಒಣಗುತ್ತಿದ್ದ ಗೋಪಿಚಂದನದ ಮುದ್ರೆಗಳು. ಹೇಳುತ್ತಿದ್ದ ಸ್ತೋತ್ರ ಒಂದು ಕ್ಷಣ ತಡೆಯಿತು, ಮತ್ತೆ ಅದೇ ಸಾಲಿನಿಂದ ಮುಂದುವರಿಯಿತು. ಪಡಸಾಲೆಯಲ್ಲಿ ಅಂಬಾಬಾಯಿ ವಾಕರಿನ ಮೇಲೆ ಎರಡೂ ಕೈ ಊರಿ, ನಲವತ್ತೊಂದು ವರ್ಷ ತಾನೇ ಸಾರಿಸಿದ ನೆಲವನ್ನು ನೋಡುತ್ತ ನಿಂತಿದ್ದಳು. ಗಂಡನನ್ನು ಕರೆ ಎಂದು ಆಕೆಯೇನೂ ಹೇಳಿರಲಿಲ್ಲ. ಕರೆಯಬೇಡ ಎಂದೂ ಹೇಳಿರಲಿಲ್ಲ.

ಕೊನೆಗೆ ರಾಯರು ಎದ್ದು ಬಂದರು. ಮಡಿಯಲ್ಲಿದ್ದುದರಿಂದ ಯಾರಿಗೂ ತಾಗದಂತೆ ಗೋಡೆಯ ಪಕ್ಕ ನಿಂತು, ಹೆಂಡತಿಯ ಕಡೆ ನೋಡದೆ ಮಗಳನ್ನು ಕೇಳಿದರು.

“ಕಾರಿನ್ಯಾಗ ಬೆನ್ನಿಗೆ ದಿಂಬು ಇಟ್ಟೀಯೇನು?”

ವಸುಧಾಳ ನೆತ್ತಿಗೆ ರಕ್ತ ಏರಿತು.

“ದಿಂಬಿನ ಚಿಂತಿ ಈಗ ಬಂತೇನ್ರಿ? ಅವತ್ತು ಹಿತ್ತಲದಾಗ ಬರೀ ಕಲ್ಲಿನ ಮ್ಯಾಲೆ ಬಿದ್ದಿದ್ಳಲ್ಲ, ಆಗ ಯಾವ ದಿಂಬು ಇಟ್ಟಿದ್ರಿ?”

ಮೂರು ತಿಂಗಳಿಂದ ಇಂಥ ಮಾತಿಗೆ ರಾಯರು ಎದುರಾಡಿರಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದರು. ಕಾರು ಓಣಿಯ ತಿರುವು ದಾಟುವವರೆಗೂ ಗಂಟೆಯ ಸದ್ದು ಮಾತ್ರ ಕೇಳಲಿಲ್ಲ.

ಮೂರು ತಿಂಗಳ ಹಿಂದೆ, ಒಂದು ದ್ವಾದಶಿಯ ಬೆಳಗ್ಗೆ ನಡೆದದ್ದು ಅದು. ಏಕಾದಶಿಯ ದಿನ ಹನಿ ನೀರೂ ಕುಡಿಯದ ಮನೆ ಅವರದು. ಮರುದಿನ ಬೆಳಗ್ಗೆ ಮಡಿಯಲ್ಲಿ ಅಡಿಗೆ ಮಾಡಿ, ದೇವರಿಗೆ ನೈವೇದ್ಯ ಇಟ್ಟು, ಪಂಚಾಂಗದಲ್ಲಿ ಬರೆದ ಹೊತ್ತು ಮೀರುವುದರೊಳಗೆ ಊಟ ಮಾಡಿ ಉಪವಾಸ ಬಿಡಬೇಕು. ಆ ಊಟವೇ ಪಾರಣೆ. ಹೊತ್ತು ತಪ್ಪಿದರೆ ಮಾಡಿದ ಉಪವಾಸವೆಲ್ಲ ನೀರಿನಲ್ಲಿ ಹೋದಂತೆ. ಅಂದು ಹೊತ್ತು ಇದ್ದದ್ದು ಏಳೂಕಾಲರವರೆಗೆ. ಆರೂಕಾಲಕ್ಕೆ ಅಂಬಾಬಾಯಿ ಮಡಿನೀರಿನ ಕೊಡ ಹೊತ್ತು ಬರುವಾಗ ಹಿತ್ತಲಿನ ಕಲ್ಲಿನ ಮೇಲೆ ಜಾರಿಬಿದ್ದಳು. ಸೊಂಟದ ಎಲುಬು ಮುರಿಯಿತು. ರಾಯರು ಬಂದು ನೋಡಿದರು... ನೋಡಿ, ಮುಟ್ಟದೆ, ಒಳಗೆ ಹೋಗಿ ಪೂಜೆಗೆ ಕೂತರು. ಒಂದು ತಾಸಿನ ಮೇಲೆ ಕೆಲಸದ ಶೇಖಮ್ಮ ಆಕೆಯನ್ನು ಎತ್ತಿ, ಆಟೋ ತರಿಸಿ ಆಸ್ಪತ್ರೆಗೆ ಒಯ್ದಳು.

ಕೊಚ್ಚಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ವಸುಧಾ ರಜೆ ಹಾಕಿ ಓಡಿ ಬಂದಾಗ, ಪಕ್ಕದ ಮನೆಯ ಸುಗುಣಮ್ಮ ಗೋಡೆಯ ಮೇಲಿಂದ ಇಷ್ಟನ್ನೂ ಹೇಳಿದ್ದಳು. ಖರೆಯೇನು ಎಂದು ಕೇಳಿದರೆ ಅಪ್ಪ “ಹೌದು” ಎಂದಿದ್ದರು. ಅಷ್ಟೇ. ಅಂದಿನಿಂದ ವಸುಧಾ ಅವರನ್ನು ಅನ್ನದ ಮಾತಿಲ್ಲ. ಒಬ್ಬಳೇ ಮಗಳು, ಮುದ್ದಿನಿಂದ ಬೆಳೆದವಳು, ತಟ್ಟೆ ಮುಂದೆ ಇಡುವಾಗಲೂ ಒಂದು ಚುಚ್ಚು ಮಾತು ಜೊತೆಗೆ ಇಟ್ಟಿದ್ದಳು. ಈಗ ಶಾಲೆ ತೆರೆಯುವ ಹೊತ್ತು. ಅಮ್ಮನನ್ನು ಈ ಮನೆಯಿಂದ ಶಾಶ್ವತವಾಗಿ ಬಿಡಿಸಿಕೊಂಡು ಹೋಗುವುದೆಂದು ಆಕೆ ನಿಶ್ಚಯಿಸಿದ್ದಳು. ರಾಡು ಹಾಕಿದ ಸೊಂಟಕ್ಕೆ ರೈಲಿನ ಹತ್ತಿಳಿ ಆಗದೆಂದು ಕಾರನ್ನೇ ತಂದಿದ್ದಳು. ನಾರಾಯಣಪೇಟೆಯಿಂದ ಕೊಚ್ಚಿಗೆ ಸಾವಿರ ಕಿಲೋಮೀಟರ್. ಎರಡು ದಿನದ ದಾರಿ.

“ಮುಂದಿನ ಸೀಟಿನ್ಯಾಗ ಕೂತದ್ದು ಇದೇ ಮೊದಲು ನಾ,” ಎಂದಳು ಅಂಬಾಬಾಯಿ, ಊರು ಹಿಂದಾದ ಮೇಲೆ. “ನಿಮ್ಮಪ್ಪ ಯಾವಾಗಲೂ ಡ್ರೈವರ್ ಬಾಜೂ ಕೂಡ್ತಿದ್ರು. ದಾರಿ ತೋರಸ್ಲಿಕ್ಕೆ.”

“ಚೆಂದ ತೋರಿಸ್ಯಾರ ದಾರಿ.”

“ಸಾಕು ಬಿಡು... ಮಕ್ತಲದಾಗ ಶೇಖಮ್ಮನ ಮನಿ ಮುಂದ ನಿಲ್ಲಿಸು. ಆಕಿಗೆ ಒಂದು ಸೀರಿ ಕೊಡೂದದ.”

ಆ ದ್ವಾದಶಿಯ ಮರುದಿನದಿಂದಲೇ ಶೇಖಮ್ಮ ಕೆಲಸಕ್ಕೆ ಬಂದಿರಲಿಲ್ಲ. ಮೂವತ್ತು ವರ್ಷದ ಕೆಲಸ ಬಿಟ್ಟು ಮಕ್ತಲದಲ್ಲಿ ಮಗನ ಮನೆ ಸೇರಿದ್ದಳು. ವಯಸ್ಸಾಯಿತು, ದಣಿದಿದ್ದಾಳೆ ಎಂದುಕೊಂಡಿದ್ದಳು ವಸುಧಾ.

ಅಂಗಳದಲ್ಲಿ ಕಾರು ನಿಂತಾಗ ಶೇಖಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸೊಸೆ ರಜಿತಾ ಒಲೆಯ ಮುಂದಿನಿಂದ ಇಣುಕಿ ನೋಡಿದಳು. ಜೋಳದ ರೊಟ್ಟಿ ತಟ್ಟುವ ಸದ್ದು ನಿಂತಿತು.

“ಆರಾಮ ಅದೀರಿ, ಅಮ್ಮಾರ?”

“ನಿನ್ನ ಕೈಯಿಂದ ಉಳಿದೀನಿ, ಶೇಖಮ್ಮ.” ಅಂಬಾಬಾಯಿ ತೆರೆದ ಬಾಗಿಲಲ್ಲಿ ಕೂತೇ ಸೀರೆಯನ್ನು ಮುಂದೆ ಮಾಡಿದಳು. “ಇದನ್ನ ತಗೋ. ಮತ್ತ ಒಂದು ಮಾತು... ಇವತ್ತ ನಿನ್ನ ಮನ್ಯಾಗ ಒಂದು ರೊಟ್ಟಿ ತಿಂತೀನಿ. ಮಡಿ ಗಿಡಿ ಎಲ್ಲಾ ಅವರ ಕಡೆನೇ ಬಿಟ್ಟು ಬಂದೀನಿ. ಗೊತ್ತಾಗ್ಲಿ ಅವರಿಗೂ.”

ಹೊರಗಿನವರು ಕಾಸಿದ ಹಾಲನ್ನೂ ಮುಟ್ಟದ ಅಮ್ಮ! ಇಷ್ಟು ವರ್ಷಕ್ಕೆ ಅಮ್ಮನಿಗೂ ಸಿಟ್ಟು ಬಂತಲ್ಲ ಎಂದು ವಸುಧಾ ಒಳಗೊಳಗೇ ಹಿಗ್ಗಿದಳು. ಆದರೆ ಶೇಖಮ್ಮ ಸೀರೆಗೆ ಕೈ ಚಾಚಲಿಲ್ಲ.

“ಹಸಿವಾಗೈತೇನ್ರಿ ಅಮ್ಮಾರ?”

“ಅಂದ್ರ?”

“ಹಸಿದಿದ್ರ ಹೇಳ್ರಿ, ರೊಟ್ಟಿ ಬಿಸಿ ಐತಿ. ಯಜಮಾನ್ರ ಮ್ಯಾಲಿನ ಸಿಟ್ಟಿಗೆ ತಿನ್ನಾಕ ಬಂದಿದ್ರ, ನಮ್ಮ ರೊಟ್ಟಿ ಅದಕ್ಕಲ್ರಿ. ಅವರನ್ನ ಹೊಡಿಯಾಕ ನಿಮಗ ಕೋಲು ಬೇಕಾಗೈತಿ. ನಾ ಆ ಕೋಲಲ್ಲ.”

ಅಂಬಾಬಾಯಿಯ ಮುಖ ಸುಟ್ಟಂತಾಯಿತು. ವಸುಧಾ ಕಾರಿನಿಂದ ಇಳಿದಳು.

“ಶೇಖಮ್ಮ, ಅಮ್ಮನ್ನ ಎತ್ತಿದಾಕಿ ನೀ. ಅದಕ್ಕಂತ ಇಲ್ಲಿತನಕ ಬಂದಾಳ. ನಿನಗ್ಯಾಕ ಇಷ್ಟು ಸಿಟ್ಟು?”

“ಎತ್ತೀನಿ, ವಸುದಮ್ಮ. ಯಾವಾಗ ಎತ್ತೀನಿ ಅಂತ ನಿಮ್ಮಮ್ಮನ್ನ ಕೇಳ್ರಿ. ಬಿದ್ದ ಕೂಡ್ಲೇನಾ? ಏಳೂಕಾಲ ಆದಮ್ಯಾಗ.”

“ನೀ ಆಮ್ಯಾಲೆ ಬಂದಿದ್ದಿ...”

“ಯಾರಂದ್ರು? ಬಿದ್ದ ಸಪ್ಪಳ ಕೇಳಿ ಕಸಬರಗಿ ಒಗದು ಓಡಿ ಬಂದಾಕಿ ನಾ. ಬಗಲಾಗ ಕೈ ಹಾಕಾಕ ಬಗ್ಗಿದೆ. ‘ಮುಟ್ಟಬ್ಯಾಡ, ಮಡಿಲೆ ಇದ್ದೀನಿ’ ಅಂದ್ರು. ಕಾಲು ತಿರುಚಿ ಬಿದ್ದೈತಿ, ಹಲ್ಲು ಕಡೀತಾರ, ಆದರೂ ಅದೇ ಮಾತು. ನಾ ಕೈ ಚಾಚಿಕೊಂಡು ನಿಂತೆ. ಒಂದು ತಾಸು ನಿಂತೆ. ನಮ್ಮ ಕುರಿ ಕಾಲು ಮುರಕೊಂಡ್ರ ಹಂಗ ನಿಂತು ನೋಡೂದಿಲ್ಲ ನಾವು. ಹೆಗಲ ಮ್ಯಾಲ ಹಾಕ್ಕೊಂಡು ಹೋಗ್ತೀವಿ. ಏಳೂಕಾಲಕ್ಕ ಅಮ್ಮಾರೇ ಅಂದ್ರು, ‘ಹೊತ್ತು ಮೀರ್ತು, ಇನ್ನ ಮುಟ್ಟು’ ಅಂತ.”

ಆಕೆಯ ದನಿ ಏರಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಊರು ಮಂದಿ ಎಲ್ಲಾ ನನ್ನ ಹೊಗಳಾಕತ್ತರು. ಶೇಖಮ್ಮ ಎತ್ತಿದ್ಲು, ಶೇಖಮ್ಮ ಎತ್ತಿದ್ಲು ಅಂತ. ನನಗ ನಾಚಿಕಿ ಆತು. ಬ್ಯಾಡ ಅಂದ ಒಂದು ಮಾತಿಗೆ ಹೆದರಿ ನಿಂತಾಕಿ ನಾ. ಅದಕ್ಕ ಕೆಲಸ ಬಿಟ್ಟೆ. ಸೀರಿ ಒಯ್ಯಿರಿ, ಅಮ್ಮಾರ.”

ಒಳಗೆ ಹೋಗಲು ತಿರುಗಿದವಳು ಮತ್ತೆ ನಿಂತು ವಸುಧಾಳಿಗೆ ಹೇಳಿದಳು. “ಗದ್ವಾಲದ ಕಡೆ ರೋಡ್ ಕೆಟ್ಟೈತಿ. ತಗ್ಗು ಬಂದ್ರ ಸಾವಕಾಶ ಹೊಡೀರಿ. ಅವರಿಗೆ ಸೊಂಟ ನೋಯ್ತೈತಿ.”

ಮಕ್ತಲ ದಾಟಿದರು, ಅಮರಚಿಂತ ದಾಟಿದರು. ಜೂರಾಲ ಆಣೆಕಟ್ಟು ದಾಟಿದ ಮೇಲೆ, ಕೃಷ್ಣೆಯ ಬಂಡೆಗಳು ಬಿಸಿಲಿಗೆ ಬಿದ್ದಿದ್ದ ಕಡೆ, ಒಂದು ಬೇವಿನ ಮರದ ಕೆಳಗೆ ವಸುಧಾ ಗಕ್ಕನೆ ಬ್ರೇಕು ಹಾಕಿದಳು.

“ಮೂರು ತಿಂಗಳು, ಅಮ್ಮ. ಮೂರು ತಿಂಗಳು ನಾ ಅಪ್ಪಗ ಬೈದೆ. ಅನ್ನ ಹಾಕುವಾಗ ಬೈದೆ, ಮಲಗುವಾಗ ಬೈದೆ. ಕಲ್ಲು ಅಂದೆ, ಕಟುಕ ಅಂದೆ. ನೀ ಮಂಚದ ಮ್ಯಾಲೆ ಮಲಗಿ ಕೇಳಿದಿ. ಶೇಖಮ್ಮ ಎತ್ತಲಿಕ್ಕೆ ಬಂದಿದ್ಳು, ನಾನೇ ಬ್ಯಾಡ ಅಂದೆ ಅಂತ ಒಂದು ಮಾತು ಹೇಳಲಿಲ್ಲ ನೀ.”

“ಹೇಳಲಿಲ್ಲ.”

“ಯಾಕ?”

ಅಂಬಾಬಾಯಿ ನದಿಯ ಕಡೆ ಮುಖ ಮಾಡಿದ್ದಳು. ಕಣ್ಣಲ್ಲಿ ನೀರಿರಲಿಲ್ಲ. ಇದ್ದದ್ದು ಸಿಟ್ಟು. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಏನೋ.

“ಪೂರಾ ಕೇಳಬೇಕೇನು? ಕೇಳು ಹಂಗಾರ. ನಿಮ್ಮಪ್ಪ ಓಡಿ ಬಂದಿದ್ರು. ‘ಅಂಬೂ’ ಅಂತ ಕೂಗಿ ಕೈ ಮುಂದ ಮಾಡಿದ್ರು. ನಾನೇ ಅಂದೆ, ‘ನೀವು ಹೋಗ್ರಿ, ನೈವೇದ್ಯ ಆಗ್ಲಿ, ಪಾರಣಿ ಹೊತ್ತು ಮೀರ್ತದ’ ಅಂತ. ನಾ ಹಂಗ ಅನ್ನಲಿಕ್ಕೇಬೇಕು ವಸೂ. ನಮ್ಮ ಅತ್ತಿ ಹದಿನೆಂಟು ವರ್ಷ ಅದನ್ನೇ ತಲ್ಯಾಗ ತುಂಬಿದ್ರು. ಜ್ವರ ಬಂದಾಗ, ನೀ ಹೊಟ್ಟ್ಯಾಗ ಇದ್ದಾಗ, ಯಾವಾಗ ಬಿದ್ರೂ ಮೊದಲು ಮಡಿ, ಆಮ್ಯಾಲೆ ನೋವು. ಬಾಯಿ ತಾನೇ ಅಂತು. ಆದ್ರ... ಅಂದ ಮ್ಯಾಲೆ ಅವರ ಮುಖ ನೋಡಿದೆ. ಹೋಗೂದಿಲ್ಲ ಇವರು, ಹುಚ್ಚಿ ಅಂತ ಬೈದು ಎತ್ತತಾರ ಅಂದ್ಕೊಂಡೆ.” ಆಕೆ ಉಸಿರೆಳೆದುಕೊಂಡಳು. “ಅವರು ಹೋದ್ರು. ಹೋಗ್ರಿ ಅಂದ್ರ ಹೋಗೇಬಿಟ್ರು. ನಲವತ್ತೊಂದು ವರ್ಷಕ್ಕ ಆ ಒಂದು ಮಾತು ಮೀರಲಿಕ್ಕೆ ಆಗಲಿಲ್ಲ ಅವರಿಗೆ. ಇದನ್ನ ಯಾರ ಮುಂದ ಹೇಳ್ಲಿ? ನೀನೇ ಅಂದೀಯಲ್ಲ, ಮತ್ಯಾಕ ಸಿಟ್ಟು ಅಂತೀರಿ ಎಲ್ಲಾರೂ.”

ಯಾರ ಮೇಲೆ ಸಿಟ್ಟಾಗಬೇಕೆಂದು ವಸುಧಾಳಿಗೆ ತಿಳಿಯಲಿಲ್ಲ. ಫೋನು ತೆಗೆದು, ಸ್ಪೀಕರಿಗೆ ಹಾಕಿ, ಮನೆಗೆ ಹಚ್ಚಿದಳು.

“ಅಪ್ಪಾ, ಅಮ್ಮ ನಿಮಗ ಹೋಗ್ರಿ ಅಂದಿದ್ಳಂತ. ಖರೇನ?”

ಅತ್ತಲಿಂದ ರಾಯರು ಬೇರೆಯದೇ ಕೇಳಿದರು.

“ಗಾಡಿ ಯಾಕ ನಿಲ್ಲಿಸೀರಿ? ಎಲ್ಲಿದ್ದೀರಿ?”

“ಖರೇನೋ ಸುಳ್ಳೋ, ಅದನ್ನ ಹೇಳ್ರಿ.”

“ಖರೆ.”

“ಮತ್ತ ನಾ ಅಷ್ಟು ಬೈದೆನಲ್ಲ... ಆಕೀನೇ ಅಂದ್ಳು ಅಂತ ಒಂದು ಸಲನಾದ್ರೂ ಯಾಕ ಹೇಳಲಿಲ್ಲ?”

“ಏನಂತ ಹೇಳ್ಲಿ, ವಸೂ? ಹೋಗ್ರಿ ಅಂದಾಕಿ ಆಕಿ, ಖರೆ. ಹೋದವನು ನಾನು.” ರಾಯರ ದನಿ ಒಡೆಯಿತು. “ಪೂಜಿಗೆ ಕೂತಾಗ ಆಕಿ ನರಳೂದು ಕೇಳಸ್ತಿತ್ತು. ಅದು ಕೇಳಬಾರದು ಅಂತ ಗಂಟಿ ಜೋರಾಗಿ ಬಾರಿಸಿದೆ. ನಿನ್ನ ಬೈಗಳ ಕಡಿಮಿನೇ ಆದವು.”

ಬೇವಿನ ಎಲೆಗಳ ನೆರಳು ಗಾಜಿನ ಮೇಲೆ ಆಡುತ್ತಿತ್ತು. ವಸುಧಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಬಾಬಾಯಿ ಕೈ ಚಾಚಿ ಫೋನನ್ನು ತಾನೇ ತೆಗೆದುಕೊಂಡಳು. ಮೂರು ತಿಂಗಳಲ್ಲಿ ಗಂಡನೊಂದಿಗೆ ಅದು ಆಕೆಯ ಮೊದಲ ಮಾತು.

“ರೀ, ನಾ ತಿರುಗಿ ಬರೂದಿಲ್ಲ.”

“ಗೊತ್ತದ.”

“ಮಕ್ತಲಕ್ಕ ಶೇಖಮ್ಮನ ಮನಿಗೆ ಹೋಗಿ ಬರ್ರಿ. ಸೀರಿ ಗೀರಿ ಏನೂ ಒಯ್ಯಬ್ಯಾಡ್ರಿ. ಎರಡು ಕೈ ಚಾಚಿ ನಿಂತಾಕಿಯನ್ನ ನಾನು ನಿಲ್ಲಿಸಿದೆ, ನೀವು ನೋಡಿ ಒಳಗ ಹೋದ್ರಿ. ಅದನ್ನ ಆಕಿ ಸೊಸಿ ಮುಂದ ಬಾಯಿಬಿಟ್ಟು ಹೇಳ್ರಿ. ನನ್ನ ಪಾಲಿಂದೂ ನೀವೇ ಹೇಳ್ರಿ, ನನಗ ಇವತ್ತ ಬಾಯಿ ಬರಲಿಲ್ಲ. ಆಕಿ ಬೈದ್ರ ನಿಂತು ಕೇಳ್ರಿ.”

“ಯಾವಾಗ ಹೋಗ್ಲಿ?”

“ಈಗ.”

“ಇನ್ನ ನೈವೇದ್ಯ...” ಎಂದು ರಾಯರು ಅಲ್ಲಿಗೇ ನಿಲ್ಲಿಸಿದರು.

“ಹೋಗ್ರಿ ಅಂತ ಹೇಳ್ಲಿಕತ್ತೀನಿ,” ಎಂದಳು ಅಂಬಾಬಾಯಿ. “ಈ ಸಲ ನೀವು ಹೋಗಬೇಕು ಅಂತನೇ ಹೇಳ್ಲಿಕತ್ತೀನಿ.”

ಅತ್ತ ಕಡೆ ಏನೋ ಹಿತ್ತಾಳೆಯದನ್ನು ನೆಲಕ್ಕೆ ಇಟ್ಟ ಸದ್ದಾಯಿತು.

“ಹತ್ತರ ಬಸ್ಸಿಗೆ ಹೋಗ್ತೀನಿ,” ಎಂದರು ರಾಯರು.

ಕಾರು ಮತ್ತೆ ಹೊರಟಿತು. ಗದ್ವಾಲದ ಮೊದಲ ಮನೆಗಳು ಕಾಣಿಸಿಕೊಂಡವು. ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು.

“ನನ್ನ ಮ್ಯಾಲೂ ಸಿಟ್ಟದೇನು?” ಎಂದಳು ಅಂಬಾಬಾಯಿ.

“ಅದ.”

“ಇರ್ಲಿ. ಸಾವಿರ ಕಿಲೋಮೀಟರ್ ಅದ, ಬೈಕೋತ ಬಾ. ಕೇಳ್ತೀನಿ.” ಮತ್ತೆ ಅಂದಳು. “ಇನ್ನ ಮುಂದ ನಾ ಬ್ಯಾಡ ಅಂದ್ರೂ ನೀ ಕೇಳಬ್ಯಾಡ, ವಸೂ.”

“ಅದೆಲ್ಲಾ ನಡಿಯೂದಿಲ್ಲ. ನಿನ್ನ ಮನಸಿನ್ಯಾಗ ಹೊಕ್ಕು ನೋಡಲಿಕ್ಕೆ ನನಗ ಬರೂದಿಲ್ಲ. ಅಪ್ಪಗೂ ಬರಲಿಲ್ಲ. ಬೇಕಾದ್ದನ್ನ ಬೇಕು ಅನ್ನು.”

ಮಗಳು ಇಷ್ಟು ಬಿರುಸಾಗಿ ಅಂಬಾಬಾಯಿಯೊಂದಿಗೆ ಎಂದೂ ಮಾತಾಡಿರಲಿಲ್ಲ. ಪೇಟೆಯ ಗದ್ದಲ ದಾಟಿತು. ರಸ್ತೆಯ ತಗ್ಗುಗಳಲ್ಲಿ ಕಾರು ಎಷ್ಟು ಮೆಲ್ಲಗೆ ಇಳಿದರೂ ಆಕೆಯ ಕೈ ಬಾಗಿಲ ಹಿಡಿಯನ್ನು ಬಿಗಿಹಿಡಿಯುತ್ತಿತ್ತು. ವಸುಧಾ ಅದನ್ನು ನೋಡಿದಳು. ನೋಡಿಯೂ ಕೇಳಲಿಲ್ಲ. ಹಟ ಹಿಡಿದವಳಂತೆ ರಸ್ತೆಯ ಮೇಲೆಯೇ ಕಣ್ಣಿಟ್ಟಳು. ಒಂದು ತಗ್ಗು... ಎರಡು ತಗ್ಗು... ಊರಿನ ಕೊನೆಯ ಪೆಟ್ರೋಲ್ ಬಂಕು ಹತ್ತಿರ ಬಂತು.

“ವಸೂ,” ಎಂದಳು ಅಂಬಾಬಾಯಿ. ಮಾತು ಹೊರಗೆ ಬರಲು ಆಕೆ ತುಂಬ ಕಷ್ಟಪಟ್ಟಳು. “ಸೊಂಟ ಭಾಳ ನೋಯ್ಲಿಕತ್ತದ. ತಡಕೊಳ್ಳಿಕ್ಕೆ ಆಗವಲ್ದು. ನಿಲ್ಲಿಸಿ ನನ್ನ ಸ್ವಲ್ಪ ಇಳಿಸ್ಕೋ.”

ಸಿಟ್ಟು ಇನ್ನೂ ಇಳಿದಿರಲಿಲ್ಲ. ವಸುಧಾ ಕಾರನ್ನು ಬದಿಗೆ ನಿಲ್ಲಿಸಿದಳು, ಸುತ್ತಿ ಬಂದು ಬಾಗಿಲು ತೆಗೆದಳು, ಅಮ್ಮನ ಎರಡೂ ಬಗಲಿಗೆ ಕೈ ಹಾಕಿದಳು. ಅಂಬಾಬಾಯಿ ತನ್ನ ಪೂರಾ ಭಾರವನ್ನು ಮಗಳ ಮೇಲೆ ಬಿಟ್ಟಳು.