ಹವಳದೂರಿನ ಮೇಲೆ ಕಾಲೂರಿದ ದ್ಯಾವ

ಸುಳ್ಳು ಅನ್ನುವವರು ಈಗಲೇ ಅಂದುಬಿಡಿ, ಆಮೇಲೆ ನಡುವೆ ಕೆಮ್ಮಬೇಡಿ. ಮಲ್ಲೂರಿನ ದ್ಯಾವ ಮೂರು ಸಲ ಬಾಯಿ ಮುಚ್ಚಿಕೊಂಡಿದ್ದ ಅಂದರೆ ಹೆತ್ತವಳೇ ನಂಬಲಿಲ್ಲ. ನೀವೂ ನಂಬಬೇಡಿ. ಆದರೆ ಅವನು ನಾಚಿ ತಲೆ ತಗ್ಗಿಸಿದ್ದನ್ನು ನಂಬಲೇಬೇಕು. ಅಂಥದ್ದನ್ನು ಯಾರೂ ತಮಾಷೆಗೆ ಕಟ್ಟುವುದಿಲ್ಲ.

ಬಹಳ ಹಿಂದೆ, ಒಂದಾನೊಂದು ರಾಜ್ಯದ ತುತ್ತತುದಿಯಲ್ಲಿ, ಸರಿಯಾದ ದಾರಿಯೂ ಇಲ್ಲದ ಒಂದು ಕಡಲತಡಿಯಿತ್ತು. ಅಲ್ಲಿನ ಮೂವತ್ತು ಮನೆಯವರು ದಿನದ ಮೊದಲ ಮೀನು ತನಗೆ ಕೊಡಲಿಲ್ಲವೆಂದು ಕರಿಗಾಳನೆಂಬ ಮಾಂತ್ರಿಕ ಎಲ್ಲರನ್ನೂ ಹವಳ ಮಾಡಿ ನೀರಿಗೆ ತಳ್ಳಿದ. ಅಂದು ಸಂತೆಗೆ ಹೋಗಿದ್ದ ಹೊನ್ನಜ್ಜಿ ಒಬ್ಬಳೇ ಉಳಿದಳು. ಅವಳ ಮೊಮ್ಮಗಳು ನೀಲು, ಬಲೆ ಹೆಣೆಯುವುದರಲ್ಲಿ ಎತ್ತಿದ ಕೈ, ನೀರಡಿಯಲ್ಲಿ ಕೆಂಪು ಹವಳವಾಗಿ ನಿಂತಳು.

ಮಾಂತ್ರಿಕನ ಪ್ರಾಣ ಆ ನೀರಡಿಯ ಚಿಪ್ಪೊಂದರೊಳಗಿನ ಕರಿಮುತ್ತಿನಲ್ಲಿತ್ತು; ಅದು ಒಡೆದರೆ ಹವಳವಾದವರು ಮತ್ತೆ ಮನುಷ್ಯರಾಗುತ್ತಿದ್ದರು. ಅದನ್ನು ತಂದವರಿಗೆ ಚಿನ್ನದ ದೋಣಿ ಎಂದು ರಾಜ ಡಂಗುರ ಸಾರಿಸಿದ. ದ್ಯಾವ ಎದೆ ಉಬ್ಬಿಸಿಕೊಂಡು ಬಂದ. ತಮ್ಮೂರ ಬಾವಿಯ ತಳದಿಂದ ಏಳು ಕೊಡ ಎತ್ತಿದವನು ತಾನು, ಈ ಕಡಲು ತನಗೆ ಮೊಣಕಾಲುದ್ದ ಎಂದು ಕೊಚ್ಚಿಕೊಂಡ.

ಹೊನ್ನಜ್ಜಿ ನೀರೊಳಗೆ ಕಣ್ಣು ಕಾಣಲೆಂದು ಅವನ ಕಣ್ಣಿಗೆ ಆಮೆಯ ಕಣ್ಣೀರು ಹಚ್ಚಿ, ಬಾಯಿಗೆ ಬಿದಿರಿನ ಕೊಳವೆ ಕೊಟ್ಟಳು. ಮುಖ ನೀರೊಳಗೆ, ಕೊಳವೆಯ ತುದಿ ಗಾಳಿಯಲ್ಲಿ. ಆ ತಡಿಯವರು ತೇಲುವುದೇ ಹಾಗೆ.

"ತೇಲು ಮಗಾ, ನಿಲ್ಲಬೇಡ," ಅಂದಳು. "ಕೆಳಗಿರೋದು ಕಲ್ಲಲ್ಲ, ನಮ್ಮೂರು. ಏನೇ ಆದ್ರೂ ಕಾಲೂರಬೇಡ."

"ಸುಸ್ತಾದವರು ನಿಲ್ತಾರೆ ಅಜ್ಜಿ," ಅಂದ ದ್ಯಾವ.

ನೀರೊಳಗೆ ನೋಡಿದರೆ ಊರಿಗೆ ಊರೇ ಹವಳ. ಬುಟ್ಟಿ ಹೊತ್ತವಳು, ಸೊಂಟದ ಮೇಲಿನ ಕೂಸು, ಬೀಡಿ ಕಚ್ಚಿದ ಮುದುಕ. ಅವರ ಬೆರಳ ಸಂದಿಯಲ್ಲಿ ಪುಟ್ಟ ಮೀನುಗಳು ಮನೆ ಮಾಡಿದ್ದವು.

ಮೊದಲು ಅರಿಶಿನ ಬಳಿದಂಥ ಮೀನಿನ ಹಿಂಡು ಬಂತು. ಬಾವಿಕಪ್ಪೆಗೆ ಈಜು ಬರುತ್ತಾ ಎಂದು ಕೇಳಿತು. ಉತ್ತರ ಕೊಟ್ಟರೆ ಬಾಯಿಗೆ ನೀರು. ದ್ಯಾವ ಕೊಳವೆ ಕಚ್ಚಿಕೊಂಡ. ಆಮೇಲೆ ಚಾಪೆಯಗಲದ ತೊರಕೆ ಮೀನು ಬಂತು, ನಿನ್ನಪ್ಪ ಯಾರೋ ಎಂದಿತು. ಕೊಳವೆ ಕಚ್ಚಿಕೊಂಡ. ಕೊನೆಗೆ ಎಂಟು ತೋಳಿನ ಅಷ್ಟಪಾದಿ, ಇಬ್ಬರಲ್ಲಿ ಗಟ್ಟಿ ಯಾರು ಎಂದಿತು. ಆಗಲೂ ಕೊಳವೆ ಕಚ್ಚಿಕೊಂಡ. ಅಷ್ಟಪಾದಿ ತೋಳು ಸಡಿಲಿಸಿತು, ಅದು ಅಪ್ಪಿದ್ದ ಚಿಪ್ಪು ತೆರೆಯಿತು, ಕರಿಮುತ್ತು ಕೈಗೆ ಬಂತು.

ದಡದಲ್ಲಿ ರಾಜನಿದ್ದ, ಅವನ ಹಿಂದೆ ಬಂದ ಜನರಿದ್ದರು. ದ್ಯಾವನಿಗೆ ತಡೆಯಲಾಗಲಿಲ್ಲ. ಕೊಳವೆ ಉಗಿದು, ಕಾಲೂರಿ ನಿಂತು, ಮುತ್ತು ಎತ್ತಿ, "ಯಾರು ತಂದಿದ್ದು ನೋಡ್ರೋ," ಎಂದು ಕೂಗಿದ.

ಹಿಮ್ಮಡಿಯಡಿ ಏನೋ ಪಟಕ್ಕನೆ ಮುರಿಯಿತು.

ಅವನು ಬಗ್ಗಿ ನೋಡಲಿಲ್ಲ. ಈಜಿ ಬಂದು ಮುತ್ತನ್ನು ಕಲ್ಲಿಗೆ ಕುಟ್ಟಿದ. ಕರಿಗಾಳ ನೊರೆಯಾಗಿ ಹರಿದುಹೋದ. ಮೂವತ್ತು ಮನೆಯವರು ಕೆಮ್ಮುತ್ತ, ನಗುತ್ತ ದಡ ಹತ್ತಿದರು. ಕೊನೆಗೆ ಬಂದ ನೀಲು ಬಲಗೈ ನೋಡಿಕೊಂಡಳು. ಎರಡು ಬೆರಳಿರಲಿಲ್ಲ.

ಪಾಪಿ ಮಾಂತ್ರಿಕ ಎಂದು ಎಲ್ಲರೂ ಶಾಪ ಹಾಕಿದರು. ಹೊನ್ನಜ್ಜಿ ಮೊಮ್ಮಗಳ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದಳು. ರಾಜ ಚಿನ್ನದ ದೋಣಿ ತರಿಸಿದ. ಸುಮ್ಮನಿದ್ದಿದ್ದರೆ ದ್ಯಾವನದೇ ದೋಣಿ. ಹಿಮ್ಮಡಿ ಮಾತ್ರ ಕೆಂಡ ತುಳಿದ ಹಾಗೆ ಉರಿಯುತ್ತಿತ್ತು. ದ್ಯಾವ ನಾಚಿ ತಲೆ ತಗ್ಗಿಸಿದ.

"ಮಾಂತ್ರಿಕ ಅಲ್ಲ," ಅಂದ. ದನಿ ಅವನಿಗೇ ಕೇಳಿಸಲಿಲ್ಲ, ಇನ್ನೊಮ್ಮೆ ಅಂದ. "ನನ್ನ ಕಾಲು ಅದು. ಅಜ್ಜಿ ಬೇಡ ಅಂದಿದ್ರು. ನಿಮಗೆಲ್ಲ ಕಾಣ್ಲಿ ಅಂತ ನಿಂತೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ದೋಣಿಯನ್ನು ಊರಿಗೇ ಬಿಟ್ಟು ಹೊರಟವನನ್ನು ನೀಲು ತಡೆದಳು.

"ಎಲ್ಲಿಗೆ? ಬಲೆ ಅರ್ಧಕ್ಕೆ ನಿಂತಿದೆ. ನಿಂಗೆ ಹತ್ತು ಬೆರಳಿದಾವಲ್ಲ, ಕೂತ್ಕೋ."

ದ್ಯಾವ ಕೂತ. ಅವಳು ಹೇಳಿಕೊಟ್ಟ ಗಂಟುಗಳನ್ನು ಹಾಕಿದ, ತಪ್ಪಿದ, ಬಿಚ್ಚಿ ಮತ್ತೆ ಹಾಕಿದ. ಆ ತಡಿಯವರು ಬಲೆ ತುಂಬ ಮೀನು ಹಿಡಿದು ಸುಖವಾಗಿದ್ದರು, ಅವನೂ ಅವರೊಳಗೊಬ್ಬನಾಗಿದ್ದ.

ಚಿನ್ನದ ದೋಣಿಯ ಬದಲು ಅವನಿಗೆ ಕೊನೆಗೆ ಸಿಕ್ಕಿದ್ದು ನೀಲು ಕೊಟ್ಟ ತನ್ನ ಬಿದಿರಿನ ಬಲೆ ಸೂಜಿ.