ಆಚೆ ದಂಡೆಗೆ ಹದಿನೈದು ದಿನ

"ಇಲ್ಲಿಂದ ಕುರಿ ಹೊಡಕೊಂಡು ಹೋಗು."

ಸಕ್ರವ್ವ ತಿರುಗಿ ನೋಡಿದಳು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬೀರಣ್ಣ ನಿಂತಿದ್ದ. ವಿಜಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಹೊನವಾಡಕ್ಕೆ ಮರಳಿದವನು. ಬಂದ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು... ಇದು!

"ಹಳ್ಳ ಏನ್ ನಿಮ್ಮಪ್ಪಂದೇನ?"

"ನಮ್ಮಪ್ಪಂದಾಗಿದ್ರ ಮೇಯಸು ಅಂತಿದ್ದೆ. ಇದು ಊರಂದು."

ಎಪ್ಪತ್ತೈದರ ಮಳೆಗಾಲದಲ್ಲಿ ಹಳ್ಳ ಉಕ್ಕಿ ಆರು ಮನೆ ಕೆಡವಿತ್ತು. ಅಂದಿನಿಂದ ಊರವರು ವಾರಕ್ಕೊಮ್ಮೆ ಸೇರಿ ಹೂಳು ತೆಗೆಯುತ್ತಿದ್ದರು. ಮಣ್ಣು ಹಿಡಿದಿಡಲೆಂದು ಈಚೆ ದಂಡೆಗೆ ಲಕ್ಕಿ, ಹೊಂಗೆ ಸಸಿ ಹಚ್ಚಿದ್ದರು. ಎರಡು ವರ್ಷ ಅಲ್ಲಿ ಕುರಿ ಬಾಯಿ ಹಾಕುವಂತಿಲ್ಲ. ಅದು ಅವಳಿಗೂ ಸರಿಯೆನಿಸಿತ್ತು.

ಆದರೆ ದಂಡೆಯ ಹುಲ್ಲು ಇಲ್ಲವೆಂದರೆ ಅಪ್ಪ ಅಮಸಿದ್ದ ಸೋಮವಾರವೇ ಹಿಂಡು ಎಬ್ಬಿಸಿ ಕೃಷ್ಣಾ ತೀರಕ್ಕೆ ಹೊರಡುತ್ತಾನೆ. ಅವಳೂ ಹೋಗಬೇಕು. ಮರಳುವುದು ಮುಂದಿನ ಮಳೆಗಾಲಕ್ಕೆ. ಅವಳು ಕುರಿ ಹೊಡೆದುಕೊಂಡು ಮನೆಯ ಕಡೆ ನಡೆದಳು.

'ಇವನಿಗೆ ಅದು ಗೊತ್ತಿಲ್ಲವೇ? ಗೊತ್ತಿದ್ದೂ ಓಡಿಸುತ್ತಿದ್ದಾನೆಯೇ? ಹಾಗಾದರೆ ನಾನು ಮರೆಯಾಗುವವರೆಗೂ ನೋಡುತ್ತ ನಿಂತದ್ದೇಕೆ...'

ಭಾನುವಾರ ಮುಂಜಾನೆ ಬೀರಣ್ಣ ಅವರ ಅಂಗಳಕ್ಕೇ ಬಂದ.

"ಮಾವಾರ, ಆಚಿ ದಂಡಿ ಮ್ಯಾಲ ಹದಿನೈದು ದಿನ ಕುರಿ ತರುಬ್ರಿ, ರಾತ್ರಿ ಅಲ್ಲೇ ಕೂಡಿಹಾಕ್ರಿ. ಮಣ್ಣೆಲ್ಲಾ ತೊಳದು ಬರೇ ಗರಸು ಉಳದೈತಿ. ಗೊಬ್ಬರ ಬಿದ್ರ ಸಸಿ ಹಚ್ಚಾಕ ಬರತೈತಿ. ಮೇವು ಊರವರು ಕೊಡ್ತಾರ."

ಅಮಸಿದ್ದ ನಗತೊಡಗಿದ. "ಮೊನ್ನೆ ಹೊಡದು ಕಳಿಸಿದಿ, ಇವತ್ತ ಕರಿಯಾಕ ಬಂದಿ. ಬಿ.ಎಸ್ಸಿ. ಅಂದ್ರ ಹಿಂಗಽ ಏನಪಾ?"

ಆದರೂ ಒಪ್ಪಿದ.

ಸಕ್ರವ್ವನಿಗೆ ಸಂತೋಷವಾಗಬೇಕಿತ್ತು. ಆಯಿತೋ ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಅವನಿಗೆ ಬೇಕಾದದ್ದು ಕುರಿ ಹಿಕ್ಕೆ ಮಾತ್ರವೇ?

ಅವನ ಹಿಂದೆಯೇ ಹಳ್ಳದವರೆಗೆ ನಡೆದಳು.

"ಖರೆ ಹೇಳು. ನಿನಗ ಕುರಿ ಬೇಕಾಗ್ಯಾವೋ, ಇಲ್ಲಾ..."

ಬೀರಣ್ಣ ಬಗ್ಗಿ ದಂಡೆಯ ಸಸಿಯೊಂದನ್ನು ನೆಟ್ಟಗೆ ನಿಲ್ಲಿಸಿದ.

"ಟಿಕೋಟಾದಿಂದ ಗಾಡಿ ಮ್ಯಾಲ ಗೊಬ್ಬರ ತರೂದಿತ್ತು. ಬ್ಯಾಡ, ಕುರಿ ತರುಬಸೂಣು ಅಂದಾಂವ ನಾನಽ."

"ಯಾಕ?"

"ನೀವು ಸೋಮವಾರ ಹೊಂಟೀರಿ ಅಂತ ನಿನ್ನೆ ಗೊತ್ತಾತು."

"ಅದನ್ನ ಮನ್ಯಾಗ ಹೇಳಾಕ ಏನಾಗಿತ್ತು?"

"ಕುರಿ ನಿಮ್ಮಪ್ಪಂದು, ಅವರನ್ನ ಕೇಳ್ದೆ. ನಿನ್ನ ಮಾತು ನಿನ್ನಽ ಕೇಳಬೇಕಲ್ಲ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಕೇಳು ಮತ್ತ."

"ಹದಿನೈದು ದಿನ ಆದ ಮ್ಯಾಲ ಹಿಂಡು ಹೋಗತೈತಿ. ನೀ... ಇಲ್ಲೇ ಉಳೀತಿ? ನನ್ನ ಕೂಡ?"

"ಹಿಂಡು ಏಳೂದ್ರೊಳಗ ನಿಮ್ಮ ಹಿರ್ಯಾರನ್ನ ಕಳಸು."

"ಇವತ್ತಽ ಕಳಸ್ತೀನಿ."

"ಇವತ್ತ ಬ್ಯಾಡ," ಎಂದಳು ಸಕ್ರವ್ವ. "ಅಪ್ಪ ನಿನ್ನ ಬಿ.ಎಸ್ಸಿ. ನೆನಸಿ ಇನ್ನೂ ನಗಾಕತ್ತಾನ."